ಫ್ರಿಜ್ಜಿನ ಹಿಂದಿನ ಸೂರ್ಯ

ಸಂಬಳವೇ ಇಲ್ಲದ ಕೆಲಸಕ್ಕೆ ನಿವೃತ್ತಿ ಎಲ್ಲಿಂದ ಬಂತು ಅಂತ ನಮ್ಮ ಯಜಮಾನರು ನಗುತ್ತಾರೆ. ಹದಿನಾಲ್ಕು ವರ್ಷ, ವಾರಕ್ಕೆ ನಾಲ್ಕು ದಿನ, ನಮ್ಮ ಮನೆಗೆಲಸದ ಗೌರಿ ಮಧ್ಯಾಹ್ನದ ಪಾತ್ರೆ ಮುಗಿಸಿ ಹೋದಮೇಲೆ ನಾನೂ ಚಪ್ಪಲಿ ಮೆಟ್ಟಿ ಹೊರಡುತ್ತಿದ್ದೆ. ಈಗ ಅದೇ ಹೊತ್ತಿಗೆ ಮೊಣಕಾಲಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಸೋಫಾದ ಮೇಲೆ ಕೂತಿರುತ್ತೇನೆ. ಇದಕ್ಕೆ ನಿವೃತ್ತಿ ಅನ್ನದೆ ಇನ್ನೇನು ಅನ್ನಲಿ?

ರಾಗಿಗುಡ್ಡದ ನಮ್ಮ ಸಂಜೆ ತರಗತಿಗೆ ಈಗ ಮೂವರು ಹೊಸ ಹುಡುಗಿಯರು ಬಂದಿದ್ದಾರೆ. ಕಾಲೇಜು ಮುಗಿಸಿದವರು, ಮುಖದಲ್ಲಿ ತುಂಬ ಉತ್ಸಾಹ. "ಆಂಟಿ, ಏನು ಮಾಡಬೇಕು, ಏನು ಮಾಡಬಾರದು ಅಂತ ಒಂದು ಲಿಸ್ಟ್ ಬರೆದುಕೊಡಿ" ಅಂದರು. ಬರೆಯಲು ಕೂತೆ. ಹೊತ್ತಿಗೆ ಸರಿಯಾಗಿ ಬನ್ನಿ, ಮಳೆಗಾಲದಲ್ಲಿ ಚಾಕ್‌ಪೀಸ್ ಡಬ್ಬಿ ಮೇಲಿಡಿ, ಮಕ್ಕಳ ಹೆಸರು ಬೇಗ ಕಲಿಯಿರಿ. ಆರನೆಯದಕ್ಕೆ ಬರುವಷ್ಟರಲ್ಲಿ ನನಗೇ ಆಕಳಿಕೆ ಬಂತು. ಲಿಸ್ಟ್ ಹರಿದುಹಾಕಿದೆ. ಅದರ ಬದಲು ನಾನು ಮಾಡಿದ ತಪ್ಪುಗಳನ್ನು ಹೇಳುತ್ತೇನೆ. ಅವನ್ನು ನೀವು ಮತ್ತೆ ಮಾಡಬೇಕಾಗಿಲ್ಲ; ನಿಮ್ಮದೇ ಬೇರೆ ಮಾಡಿಕೊಳ್ಳಿ.

ಮೊದಲನೆಯದು ಭದ್ರಾವತಿಯದು. ನಾನು ಹುಟ್ಟಿ ಬೆಳೆದದ್ದು ಅಲ್ಲೇ, ಕಾರ್ಖಾನೆಯ ಆಫೀಸರುಗಳ ಕಾಲೊನಿಯಲ್ಲಿ. ಓದಿದ್ದು ಕಾನ್ವೆಂಟಿನಲ್ಲಿ. ಬಿಳಿ ಸಾಕ್ಸು, ಎರಡು ಜಡೆ, ಎದೆಯ ಎಡಗಡೆ ಸೇಫ್ಟಿ ಪಿನ್ನಿನಲ್ಲಿ ಚುಚ್ಚಿದ ಇಸ್ತ್ರಿ ಮಾಡಿದ ಕರ್ಚೀಫು. ಕರ್ಚೀಫ್ ಇಲ್ಲದ ಹುಡುಗಿಗೆ ಆ ದಿನ ಪ್ರಾರ್ಥನೆಯಲ್ಲಿ ಹಿಂದಿನ ಸಾಲು. ಮದುವೆಯಾಗಿ ಶಿವಮೊಗ್ಗದ ರವೀಂದ್ರನಗರಕ್ಕೆ ಬಂದೆ. ಮಗಳು ದೊಡ್ಡವಳಾದ ಮೇಲೆ ಕೈ ಖಾಲಿಯಾಯಿತು. ಕೆಲವು ಹೆಂಗಸರು ಸೇರಿ ಬಡ ಮಕ್ಕಳಿಗೆ ಸಂಜೆ ಪಾಠ ಮಾಡುತ್ತಾರಂತೆ ಅಂತ ಕೇಳಿ ಸೇರಿಕೊಂಡೆ. ಆಗ ತರಗತಿ ಇದ್ದದ್ದು ಭದ್ರಾವತಿಯ ಹಳೆಯ ಕ್ವಾರ್ಟರ್ಸಿನ ಒಂದು ಹಾಲ್‌ನಲ್ಲಿ. ನಾನು ಚಿಕ್ಕವಳಿದ್ದಾಗ ಆಟಕ್ಕೂ ಹೋಗಬಾರದು ಅಂತ ಅಮ್ಮ ಹೇಳುತ್ತಿದ್ದ ಬೀದಿಯಲ್ಲಿ.

ಮೊದಲ ದಿನವೇ ಹೇಳಿದೆ: ನಾಳೆಯಿಂದ ಎಲ್ಲರೂ ಎದೆಗೆ ಕರ್ಚೀಫ್ ಚುಚ್ಚಿಕೊಂಡು ಬರಬೇಕು. ಮಾರನೇ ದಿನ ಇಪ್ಪತ್ತು ಮಕ್ಕಳೂ ಚುಚ್ಚಿಕೊಂಡೇ ಬಂದಿದ್ದರು. ಒಂದು ಅಪ್ಪನ ಬನಿಯನ್ನಿನ ತುಂಡು, ಒಂದು ಸೀರೆಯ ಅಂಚು, ಒಂದು ಅಕ್ಕಿ ಮೂಟೆಯ ಬಟ್ಟೆ. ಅದರ ಮೇಲೆ ಅರ್ಧ ಆನೆಯ ಚಿತ್ರ. ನನಗೆ ಖುಷಿಯೋ ಖುಷಿ. ಪಾಠ ಮುಗಿಯುವ ಹೊತ್ತಿಗೆ ಒಬ್ಬ ತಾಯಿ ಬಾಗಿಲಲ್ಲಿ ನಿಂತಿದ್ದಳು. ತಮಿಳಿನವಳು.

"ಟೀಚರಮ್ಮಾ, ನಮ್ಮ ಪಾಪ ನನ್ನ ಒಳ್ಳೇ ಲಂಗಾನೇ ಕಟ್ ಮಾಡ್ಬಿಟ್ಟಿದಾಳೆ. ನಾಳೆ ಏನಾನ ತರೋಕೆ ಹೇಳೋದಿದ್ರೆ ಇವತ್ತೇ ಹೇಳ್ಬಿಡಿ. ಕತ್ರಿ ಬಚ್ಚಿಡ್ತೀನಿ."

ಅವಳು ನಗುತ್ತಲೇ ಹೇಳಿದಳು. ನನ್ನ ಕಿವಿ ಮಾತ್ರ ಬಿಸಿಯಾಯಿತು.

ನಮ್ಮ ಮೇಲ್ವಿಚಾರಕಿ ಸುಮಿತ್ರಾ ಟೀಚರ್, ಸರ್ಕಾರಿ ಶಾಲೆಯಲ್ಲಿ ಹೆಡ್‌ಮಿಸ್ ಆಗಿ ರಿಟೈರಾದವರು. ವಿಷಯ ಕೇಳಿ ಅವರು ಅಂದದ್ದು ಇಷ್ಟೇ: "ನಿನ್ನ ಸಿಸ್ಟರ್‌ಗಳು ಕಲಿಸಿದ್ದನ್ನೆಲ್ಲ ಮನೇಲಿಟ್ಟು ಬಾ ಮಾರಾಯ್ತಿ. ಅಕ್ಷರ ಮಾತ್ರ ತಾ."

ಸುಮಿತ್ರಾ ಟೀಚರ್‌ಗೆ ಹೆದರದವರು ನಮ್ಮಲ್ಲಿ ಯಾರೂ ಇರಲಿಲ್ಲ. ಅವರದೊಂದು ಕ್ರಮವಿತ್ತು. ಯಾರಾದರೂ ನೋಟ್‌ಬುಕ್, ಪೆನ್ಸಿಲ್ ಕೊಟ್ಟರೆ ಅದನ್ನು ಮೇಜಿನ ಮೇಲೆ ಗುಡ್ಡೆ ಹಾಕಿ, "ಬೇಕಾದ್ದು ತಗೊಳ್ರೋ" ಅಂತ ಹೇಳಿ, ಅವರು ಕಿಟಕಿಯ ಕಡೆ ತಿರುಗಿ ನಿಲ್ಲುತ್ತಿದ್ದರು. ಫೋಟೋ ಇಲ್ಲ, ಸಾಲು ಇಲ್ಲ, ಥ್ಯಾಂಕ್ಯೂ ಮಿಸ್ ಇಲ್ಲ. ನನಗೆ ಅದು ಒಗ್ಗುತ್ತಿರಲಿಲ್ಲ. ಒಬ್ಬೊಬ್ಬರ ಕೈಗೆ ಕೊಟ್ಟರೆ ಎಷ್ಟು ಚೆನ್ನ, ಮಕ್ಕಳ ಮುಖ ಅರಳುವುದನ್ನು ನೋಡಬಹುದಲ್ಲ ಅಂತ ಒಮ್ಮೆ ಕೇಳಿದೆ. "ಆ ಮುಖ ಅರಳೋದು ನಿಂಗೆ ಬೇಕು, ಅವರಿಗಲ್ಲ" ಅಂದರು. ಎರಡು ದಿನ ಅವರ ಜೊತೆ ಸರಿಯಾಗಿ ಮಾತಾಡಲಿಲ್ಲ ನಾನು. ಈಗ ಮೊಬೈಲಿನಲ್ಲಿ ಫೋಟೋ ಕಳಿಸದೆ ಯಾರೂ ಒಂದು ಬಿಸ್ಕತ್ತು ಪೊಟ್ಟಣವನ್ನೂ ಕೊಡುವುದಿಲ್ಲ. ನಿಮಗೆ ಆ ಕಷ್ಟ ಇದ್ದೇ ಇದೆ. ಆದಷ್ಟು ಕಿಟಕಿಯ ಕಡೆ ನೋಡಿ.

ಇವೆಲ್ಲ ಸಣ್ಣವು. ನಾನು ಹೇಳಬೇಕೆಂದು ಕೂತದ್ದು ಸಹನಾಳ ವಿಷಯ.

ತರಗತಿ ರಾಗಿಗುಡ್ಡಕ್ಕೆ ಬಂದು ಕೆಲವು ವರ್ಷಗಳಾಗಿದ್ದವು. ಸಹನಾ ಐದನೇ ಕ್ಲಾಸು. ಸಣಕಲು ಹುಡುಗಿ, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ, ಎಷ್ಟು ಬಿಗಿ ಅಂದರೆ ಹುಬ್ಬು ಮೇಲೆ ಎಳೆದಂತೆ ಇರುತ್ತಿತ್ತು. ಮಾತು ಕಡಿಮೆ. ಆರನೇ ಕ್ಲಾಸಿನಿಂದ ಓದಬಹುದಾದ ಸರ್ಕಾರಿ ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ ನಮ್ಮಲ್ಲಿ ಆರು ಮಕ್ಕಳನ್ನು ತಯಾರು ಮಾಡುತ್ತಿದ್ದೆವು. ಅದರಲ್ಲಿ ಸೀಟು ಸಿಗುತ್ತೆ ಅಂತ ಸುಮಿತ್ರಾ ಟೀಚರ್ ಕಣ್ಣುಮುಚ್ಚಿ ಹೇಳುತ್ತಿದ್ದದ್ದು ಸಹನಾಳ ಹೆಸರನ್ನೇ. ಸಿಗದಿದ್ದರೆ ಏನು ಅನ್ನುವುದೂ ಗೊತ್ತಿತ್ತು. ಅವಳ ಚಿಕ್ಕಮ್ಮ ಮಾಚೇನಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ಮನೆಯಲ್ಲಿ ಐದು ತಿಂಗಳ ಕೂಸು. ಕೂಸು ನೋಡಿಕೊಳ್ಳಲು ಸಹನಾಳನ್ನು ಕಳಿಸು ಅಂತ ಅವಳು ಸಹನಾಳ ತಾಯಿಯ ಹಿಂದೆ ಬಿದ್ದಿದ್ದಳಂತೆ. ಹೋದರೆ ಓದು ಅಲ್ಲಿಗೆ ಮುಗಿದ ಹಾಗೆ.

ಪರೀಕ್ಷೆಗೆ ಮೂರು ವಾರ ಇದ್ದಾಗ ನಾನು ಪ್ರಬಂಧ ಬರೆಸಿದೆ. ವಿಷಯ: ನಮ್ಮ ಮನೆ. ನಮ್ಮ ಕಾನ್ವೆಂಟಿನಲ್ಲಿ ಪ್ರಬಂಧಕ್ಕೆ ಮೊದಲು ಬೋರ್ಡಿನ ಮೇಲೆ ಪಾಯಿಂಟ್ಸ್ ಬರೆಯುತ್ತಿದ್ದರು. ನಾನೂ ಬರೆದೆ: ಹಾಲ್, ಅಡುಗೆಮನೆ, ಮಲಗುವ ಕೋಣೆ, ಕೈತೋಟ. ಒಂದೊಂದರ ಬಗ್ಗೆ ಎರಡೆರಡು ವಾಕ್ಯ. ಒಂದೇ ಕೋಣೆಯಲ್ಲಿ ಬದುಕುವ ಮಕ್ಕಳ ಮುಂದೆ ನಿಂತು ಇದನ್ನು ಬರೆಯುತ್ತಿದ್ದೇನೆ ಅನ್ನುವುದು ನನಗೆ ಹೊಳೆಯಲೇ ಇಲ್ಲ. ನನ್ನ ಅಕ್ಷರ ಎಷ್ಟು ದುಂಡಗಿದೆ ಅಂತ ನೋಡಿಕೊಳ್ಳುತ್ತಿದ್ದೆ.

ಹೆಚ್ಚಿನವರು ಬೋರ್ಡಿನ ಮೇಲಿದ್ದ ನಾಲ್ಕು ಪದಗಳನ್ನೇ ಕಾಪಿ ಮಾಡಿ ಕೊಟ್ಟರು. ಸಹನಾ ಎರಡು ಪುಟ ಬರೆದಿದ್ದಳು. ಆ ಪುಟಗಳು ಈಗಲೂ ನನಗೆ ಬಾಯಿಪಾಠ.

"ನಮ್ಮ ಮನೆಯ ಹಾಲಿನಲ್ಲಿ ಸೋಫಾ ಇದೆ. ಸೋಫಾದ ಕೆಳಗೆ ಹಿಂದಿನ ಕಾಲಿನ ಹತ್ತಿರ ಒಂದು ಹಸಿರು ಗೋಲಿ ಇದೆ. ಅದು ಯಾರದ್ದು ಅಂತ ಗೊತ್ತಿಲ್ಲ, ಗುಡಿಸಿದ ಮೇಲೆ ಅದನ್ನು ಅಲ್ಲೇ ಇಡಬೇಕು. ಪಾತ್ರೆ ತೊಳೆಯುವ ನಲ್ಲಿಯನ್ನು ಎಡಕ್ಕೆ ತಿರುಗಿಸಿದರೆ ಅಳುತ್ತದೆ. ಹಿತ್ತಲಿನ ಮೂರನೇ ಮೆಟ್ಟಿಲಲ್ಲಿ ನೀರು ನಿಲ್ಲುತ್ತದೆ, ಕಾಲಿಡಬಾರದು. ಫ್ರಿಜ್ಜಿನ ಹಿಂದೆ ಗೋಡೆಯ ಮೇಲೆ ಒಬ್ಬ ಸೂರ್ಯ ಇದ್ದಾನೆ. ಅವನಿಗೆ ಮೀಸೆ ಇದೆ. ಅವನನ್ನು ವರ್ಷಕ್ಕೆ ಒಂದು ಸಲ ದೀಪಾವಳಿಗೆ ನೋಡಬಹುದು. ನಮ್ಮ ಅಮ್ಮನಿಗೆ ಅಂತಲೇ ಒಂದು ಲೋಟ ಇದೆ. ಅದನ್ನು ಬೇರೆ ಯಾರೂ ಮುಟ್ಟುವುದಿಲ್ಲ. ಅದು ಕಿಟಕಿಯಲ್ಲಿ ಇರುತ್ತದೆ. ಒಂದು ಕಡೆ ನೆಗ್ಗಿದೆ. ಅಮ್ಮ ಹೆಬ್ಬೆರಳನ್ನು ಆ ನೆಗ್ಗಿನಲ್ಲಿ ಇಟ್ಟು ಕುಡಿಯುತ್ತಾಳೆ."

ನಾನು ಜೋರಾಗಿ ಓದುತ್ತಿದ್ದೆ. ಪಕ್ಕದ ಹುಡುಗಿ ಎದ್ದು ನಿಂತಳು. "ಮಿಸ್, ಅವರ ಮನೇಲಿ ಫ್ರಿಜ್ಜೇ ಇಲ್ಲ. ಶೀಟ್ ಮನೆ."

ಮಕ್ಕಳೆಲ್ಲ ನಕ್ಕರು.

"ಎಲ್ಲಿಂದ ಕಾಪಿ ಮಾಡಿದೆ ಸಹನಾ?"

"ಇಲ್ಲ ಮಿಸ್."

"ಸೂರ್ಯನಿಗೆ ಮೀಸೆ ಇರುತ್ತಾ ಎಲ್ಲಾದ್ರೂ?"

ಇನ್ನಷ್ಟು ನಗು. ಅವಳು ನನ್ನ ಮುಖ ನೋಡಲಿಲ್ಲ, ಬೋರ್ಡನ್ನು ನೋಡಿದಳು. ನಾನು ಕೋಪ ಮಾಡಿಕೊಳ್ಳಲಿಲ್ಲ, ಅದೇ ಕೆಟ್ಟದ್ದು. ತುಂಬ ಮೆತ್ತಗಿನ ದನಿಯಲ್ಲಿ, ನಮ್ಮ ಸಿಸ್ಟರ್‌ಗಳು ಮಾತಾಡುತ್ತಿದ್ದ ಹಾಗೆ, "ಬಡತನ ನಾಚಿಕೆ ಅಲ್ಲ ಪುಟ್ಟಿ, ಸುಳ್ಳು ಹೇಳೋದು ನಾಚಿಕೆ" ಅಂದೆ. ಪುಟದ ಮೇಲೆ ಕೆಂಪಿನಲ್ಲಿ 'ಸುಳ್ಳು ಬರೆಯಬಾರದು' ಅಂತ ಬರೆದೆ. ನನಗೆ ನ್ಯಾಯ ಮಾಡುವ ಚಟ ಬೇರೆ. ಹಿಡಿಸಿದ ಭಾಗಕ್ಕೆ ಗುರುತು ಹಾಕದೆ ಬಿಡುವುದಿಲ್ಲ. ಅಮ್ಮನ ಲೋಟದ ಸಾಲುಗಳ ಪಕ್ಕ ಒಂದು ರೈಟ್ ಹಾಕಿ 'ಇದು ಚೆನ್ನಾಗಿದೆ' ಅಂತ ಬರೆದೆ.

ಮಾರನೇ ದಿನ ಸಹನಾ ಬರಲಿಲ್ಲ. ಆ ವಾರವೇ ಬರಲಿಲ್ಲ. ಪಕ್ಕದ ಹುಡುಗಿಯ ಕೈಯಲ್ಲಿ ಎರಡು ಸಲ ಹೇಳಿ ಕಳಿಸಿದೆ. "ಬರಲ್ವಂತೆ ಮಿಸ್. ಮಾಚೇನಹಳ್ಳಿಗೆ ಹೋಗ್ತಾಳಂತೆ, ಚಿಕ್ಕಮ್ಮನ ಮನೆಗೆ. ಅವಳೇ ಹೋಗ್ತೀನಿ ಅಂತಿದಾಳೆ."

ಸುಮಿತ್ರಾ ಟೀಚರ್ ಕನ್ನಡಕದ ಮೇಲಿಂದ ನೋಡಿದರು. "ನೀನೇ ಹೋಗಿ ಕರ್ಕೊಂಡು ಬಾ. ದೂತರನ್ನ ಕಳಿಸೋಕೆ ಮಹಾರಾಣಿಯಾ ನೀನು?"

ಏರು ಹತ್ತಲು ಮೊಣಕಾಲು ನೋವು ಅಂದೆ. ನೋವು ಇದ್ದದ್ದು ನಿಜ. ಆದರೆ ಅಲ್ಲಿಯವರೆಗಿನ ಅಷ್ಟೂ ವರ್ಷಗಳಲ್ಲಿ ನಾನು ಆ ಮಕ್ಕಳ ಯಾರ ಮನೆಯ ಒಳಗೂ ಹೋಗಿರಲಿಲ್ಲ ಅನ್ನುವುದೂ ನಿಜ.

ಪರೀಕ್ಷೆಗೆ ಆರು ದಿನ ಉಳಿದಿತ್ತು. ಅವಳ ಹಾಲ್ ಟಿಕೆಟ್ ನನ್ನ ಬ್ಯಾಗಿನಲ್ಲೇ ಇತ್ತು. ಅಂದು ನಮ್ಮ ಮನೆಯ ಫ್ರಿಜ್ಜು ಕೆಟ್ಟಿತು. ಸಂಜೆ ರಿಪೇರಿಯವನು ಬಂದು, ಅದನ್ನು ಗೋಡೆಯಿಂದ ಎಳೆದು, ಹಿಂದೆ ಬಗ್ಗಿದ.

"ಏನಮ್ಮಾ, ಇಲ್ಲಿ ಯಾರೋ ಸೂರ್ಯನ್ನ ಕೂಡಿಹಾಕಿದಾರೆ. ಮೀಸೆ ಬೇರೆ ಐತೆ."

ಹಳದಿ ಕ್ರೇಯಾನ್. ನಮ್ಮ ಮಗಳು ನಾಲ್ಕು ವರ್ಷದವಳಿದ್ದಾಗ ಬರೆದದ್ದು. ಅವಳಪ್ಪನ ಮೀಸೆಯನ್ನೇ ಸೂರ್ಯನಿಗೂ ಹಚ್ಚಿದ್ದಳು. ಗೋಡೆ ಹಾಳಾಯಿತೆಂದು ನಾನೇ ಫ್ರಿಜ್ಜನ್ನು ಅಲ್ಲಿಗೆ ಸರಿಸಿದ್ದೆ. ಮಗಳು ಈಗ ದಾವಣಗೆರೆಯಲ್ಲಿ ಹಲ್ಲಿನ ಡಾಕ್ಟರು. ನಾನು ಮರೆತೇಬಿಟ್ಟಿದ್ದೆ.

ರಿಪೇರಿಯವನು ಹೋದಮೇಲೆ ನೋವಿನ ಮೊಣಕಾಲನ್ನೇ ಊರಿ ಸೋಫಾದ ಕೆಳಗೆ ಬಗ್ಗಿ ನೋಡಿದೆ. ಹಿಂದಿನ ಕಾಲಿನ ಹತ್ತಿರ ಹಸಿರು ಗೋಲಿ. ನಲ್ಲಿ ಎಡಕ್ಕೆ ತಿರುಗಿಸಿದೆ. ಅತ್ತಿತು. ಇಪ್ಪತ್ತೆಂಟು ವರ್ಷ ನಾನು ಬದುಕಿದ ಮನೆ. ಅದನ್ನು ನೆಲಮಟ್ಟದಿಂದ ಯಾರೋ ಬರೆದಾಗ ನನ್ನದು ಅಂತ ನನಗೆ ಗೊತ್ತೇ ಆಗಿರಲಿಲ್ಲ. ತಲೆ ಎತ್ತಿದರೆ ಎದುರಿಗೆ ಕಿಟಕಿ, ಕಿಟಕಿಯಲ್ಲಿ ಆ ಸ್ಟೀಲ್ ಲೋಟ.

ಗೌರಿಯ ಲೋಟ.

ಬ್ಯಾಗಿನಿಂದ ಹಾಜರಿ ಪುಸ್ತಕ ತೆಗೆದೆ. ಸಹನಾ, ತಾಯಿ ಗೌರಮ್ಮ. ನನ್ನದೇ ದುಂಡನೆಯ ಅಕ್ಷರ. ಗೌರಿ ಎಷ್ಟೋ ವರ್ಷದಿಂದ ನಮ್ಮ ಮನೆಗೆ ಬರುತ್ತಿದ್ದಳು. ಅವಳಿಗೆ ಎಷ್ಟು ಚಮಚ ಸಕ್ಕರೆ ಬೇಕು ಅಂತ ಗೊತ್ತಿತ್ತು, ಯಾವ ಹಲ್ಲು ನೋಯುತ್ತದೆ ಅಂತ ಗೊತ್ತಿತ್ತು. ಮನೆ 'ಗುಡ್ಡದ ಕಡೆ', ಒಬ್ಬಳು ಮಗಳು, ಇಷ್ಟು ಗೊತ್ತಿತ್ತು. ಮಗಳ ಹೆಸರು ಕೇಳಿರಲಿಲ್ಲ. ಅವಳ ಎದುರಿಗೇ ಎಷ್ಟೋ ಸಲ ಫೋನಿನಲ್ಲಿ ಅಂದಿದ್ದೆ, ಬಡ ಮಕ್ಕಳಿಗೆ ಪಾಠ ಹೇಳೋಕೆ ಹೋಗ್ತೀನಿ ಅಂತ. ಯಾವ ಮಕ್ಕಳು ಅಂತ ಅವಳು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಬೆಳಿಗ್ಗೆ ಗೌರಿ ಬಂದಾಗ, ನೆಂಟರಿಗೆ ತೆಗೆಯುವ ಹೂವಿನ ಚಿತ್ರದ ಪಿಂಗಾಣಿ ಕಪ್ಪಿನಲ್ಲಿ ಕಾಫಿ ಕೊಟ್ಟೆ. ಅವಳು ಕಪ್ಪನ್ನು ನೋಡಿದಳು, ನನ್ನನ್ನು ನೋಡಿದಳು.

"ಯಾರಾದ್ರೂ ಬರ್ತಾರಾ ಅಕ್ಕ?"

"ಇಲ್ಲ, ನಿಂಗೇ."

"ನನ್ನ ಲೋಟ ಎಲ್ಲೋಯ್ತು?"

"ಒಳಗಿಟ್ಟೆ. ಇನ್ಮೇಲೆ ಅದು ಬೇಡ."

"ಒಂದು ಒಡೆದ್ರೆ ಸೆಟ್ಟೇ ಹಾಳು ಅಂತ ನೀವೇ ಅಂತಿದ್ರಿ. ಇದು ಎರಡು ಗುಟುಕಿಗೆ ಮುಗೀತದೆ. ನನ್ನ ಲೋಟ ಕೊಡಿ ಅಕ್ಕ, ಅದ್ರಲ್ಲಿ ಜಾಸ್ತಿ ಹಿಡಿಯುತ್ತೆ."

ಲೋಟ ತಂದುಕೊಟ್ಟೆ. ಅವಳ ಹೆಬ್ಬೆರಳು ನೆಗ್ಗಿನಲ್ಲಿ ಹೋಗಿ ಕೂತಿತು.

"ಗೌರಿ, ನಿನ್ನ ಮಗಳ ಹೆಸರು ಸಹನಾನಾ?"

"ಹೂಂ. ನಿಮಗ್ಯಾರು ಹೇಳಿದ್ರು?"

"ಅವಳನ್ನ ಸುಳ್ಳಿ ಅಂದ ಮಿಸ್ಸು ನಾನೇ."

ಅವಳು ಲೋಟ ಕೆಳಗಿಟ್ಟಳು.

"ಹದಿನೈದು ದಿನದಿಂದ ಆ ಮಿಸ್ಸಿಗೆ ಬಾಯಿಗೆ ಬಂದಂಗೆ ಬೈತಾ ಇದೀನಕ್ಕ. ನಿಮ್ಮ ಪಾತ್ರೆ ಉಜ್ಜುತ್ತಾನೇ."

"ಬೈ. ಇನ್ನೂ ಬೈ."

"ಎದುರಿಗೆ ನಿಂತ್ರೆ ಬೈಯೋಕೆ ಬರಲ್ಲ." ಸೆರಗಿನಿಂದ ಕೈ ಒರೆಸಿಕೊಂಡಳು. "ನೀವು ಅವಳಿಗೆ ಸುಳ್ಳಿ ಅಂದಿದ್ದು ಹೋಗ್ಲಿ. ಅವಳು ಮನೆಗೆ ಬಂದು ನಂಗೆ ಅಂದ್ಲು. ದಿನಾ ಸಂಜೆ ತಲೆ ಬಾಚ್ತಾ ಈ ಮನೆ ಕತೆ ಹೇಳ್ತಿದ್ದೆ. ನಮ್ಮ ಮನೇಲಿ ಇವತ್ತು ಹಿಂಗಾಯ್ತು, ಹಂಗಾಯ್ತು ಅಂತ. ಅವಳಿಗೆ ಆ ಸೂರ್ಯ ಅಂದ್ರೆ ಪ್ರಾಣ. ಈಗ ಕಿವಿ ಮುಚ್ಕೊಂಡು ಕೂರ್ತಾಳೆ. ನೀನು ಹೇಳಿದ್ದೆಲ್ಲ ಸುಳ್ಳು, ಓದೋದೂ ಬೇಡ, ಏನೂ ಬೇಡ, ಚಿಕ್ಕಮ್ಮನ ಮನೆಗೆ ಹೋಗ್ತೀನಿ ಅಂತಾಳೆ."

"ಎಲ್ಲಾ ನಿಜಾನೇ ಬರೆದಿದಾಳೆ ಗೌರಿ. ಎಲ್ಲಾ."

"ಎಲ್ಲಾ ಅಲ್ಲಕ್ಕ." ಅವಳು ಲೋಟದ ಕಡೆ ನೋಡಿದಳು. "ಇದನ್ನ ಯಾಕೆ ಬೇರೆ ಇಟ್ಟಿದೀರಿ ಅಂತ ನಂಗೆ ಗೊತ್ತಿಲ್ವಾ? ಮಗಳಿಗೆ ಹಂಗೆ ಹೇಳೋಕಾಗುತ್ತಾ? ಅಮ್ಮಂಗೆ ಅಂತಾನೇ ಒಂದು ಲೋಟ ಇದೆ, ಬೇರೆ ಯಾರೂ ಮುಟ್ಟಲ್ಲ ಅಂದೆ. ಅದೊಂದು ನಾನೇ ಕಟ್ಟಿ ಹೇಳಿದ್ದು."

ಆ ಎರಡು ಪುಟದಲ್ಲಿ ನಾನು ರೈಟ್ ಹಾಕಿದ್ದು ಅದೊಂದಕ್ಕೇ.

ಅವತ್ತು ಸಂಜೆ ಗೌರಿಯ ಹಿಂದೆ ಆ ಏರು ಹತ್ತಿದೆ. ಎರಡು ಕಡೆ ನಿಂತು ಉಸಿರು ತೆಗೆದುಕೊಂಡೆ; ಎರಡು ಕಡೆಯೂ ಅವಳು ಕಾದಳು. ಒಂದೇ ಕೋಣೆ. ಪಾತ್ರೆಗಳು ಎತ್ತರದ ಕ್ರಮದಲ್ಲಿ ಜೋಡಿಸಿದ್ದವು. ಸಹನಾ ಮೂಲೆಯಲ್ಲಿ ಬಟ್ಟೆ ಚೀಲ ಕಟ್ಟಿಟ್ಟುಕೊಂಡು ಕೂತಿದ್ದಳು.

"ಸಹನಾ, ನೀನು ಬರೆದಿದ್ದು ನನ್ನ ಮನೆ. ನಂಗೇ ಗೊತ್ತಾಗಲಿಲ್ಲ. ತಪ್ಪು ನಂದು."

ಅವಳು ಚೀಲದ ಗಂಟನ್ನು ತಿರುವಿದಳು. ಆಮೇಲೆ ಕೇಳಿದಳು, "ಮೀಸೆ ಇದೆಯಾ?"

"ಇದೆ. ಎರಡೂ ತುದಿ ಮೇಲಕ್ಕೆ ತಿರುಗಿದೆ."

ಅವಳು ನನ್ನನ್ನು ನೋಡಲಿಲ್ಲ, ತಾಯಿಯನ್ನು ನೋಡಿದಳು. "ನಾನು ನೋಡಬೇಕು."

ಮಾರನೇ ದಿನ ನಾನು ಮುಂಬಾಗಿಲು ಪೂರ್ತಿ ತೆರೆದು, ಗೇಟಿನ ಕಡೆ ನೋಡುತ್ತ ನಿಂತೆ. ಹತ್ತು ನಿಮಿಷವಾಯಿತು. ಒಳಗೆ ಸದ್ದಾಗಿ ತಿರುಗಿದರೆ ಅವರಾಗಲೇ ಅಡುಗೆಮನೆಯಲ್ಲಿದ್ದರು; ಗೌರಿಗೆ ಗೊತ್ತಿದ್ದ ದಾರಿ ಹಿತ್ತಲಿನದು. ಸಹನಾಳ ಪಾದ ಒಣಗಿತ್ತು, ಮೂರನೇ ಮೆಟ್ಟಿಲನ್ನು ದಾಟಿ ಬಂದಿದ್ದಳು. ಫ್ರಿಜ್ಜು ಇನ್ನೂ ಎಳೆದಲ್ಲೇ ಇತ್ತು. ಅವಳು ಹಿಂದೆ ತೂರಿಕೊಂಡು ಮೀಸೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಬೆರಳಾಡಿಸಿದಳು. ಆಮೇಲೆ ಹೊರಗೆ ಬಂದು ತಾಯಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಾನು ಕಿಟಕಿಯ ಕಡೆ ತಿರುಗಿ ನಿಂತೆ.

ಸಂಜೆ ತರಗತಿಯಲ್ಲಿ ಎಲ್ಲರ ಮುಂದೆ ಹೇಳಿದೆ, ಸಹನಾ ಬರೆದದ್ದೆಲ್ಲ ಇದೆ, ಸುಳ್ಳು ಅಂದದ್ದು ನನ್ನ ತಪ್ಪು ಅಂತ. ಎಲ್ಲರ ಮುಂದೆ ಅಂದಿದ್ದನ್ನು ಎಲ್ಲರ ಮುಂದೆಯೇ ಹಿಂದಕ್ಕೆ ತಗೋಬೇಕು. ಇದನ್ನು ಬೇಕಾದರೆ ನಿಮ್ಮ ಲಿಸ್ಟಿನಲ್ಲಿ ಬರೆದುಕೊಳ್ಳಿ. "ಮಿಸ್, ಹಂಗಾದ್ರೆ ಸೂರ್ಯಂಗೆ ಮೀಸೆ ಇರುತ್ತಾ?" ಅಂತ ಪಕ್ಕದ ಹುಡುಗಿ ಕೇಳಿದಳು. ನಮ್ಮ ಮನೆ ಸೂರ್ಯನಿಗೆ ಇದೆ ಅಂದೆ. ಅಂದಿನಿಂದ ಬೋರ್ಡಿನ ಮೇಲೆ ಪಾಯಿಂಟ್ಸ್ ಬರೆಯುವುದನ್ನು ಬಿಟ್ಟೆ. ಬೆಳಿಗ್ಗೆ ಎದ್ದ ಕೂಡಲೇ ನಿಮ್ಮ ಕಣ್ಣಿಗೆ ಏನು ಬೀಳುತ್ತೋ ಅದರಿಂದ ಶುರು ಮಾಡಿ ಅಂತ ಹೇಳುತ್ತಿದ್ದೆ. ಶೀಟಿನ ತೂತುಗಳ ಬಗ್ಗೆ, ತಮ್ಮನ ಕಾಲಿನ ಬಗ್ಗೆ ಎಷ್ಟು ಚಂದ ಬರೆದರು ಆ ಮಕ್ಕಳು.

ಸಹನಾ ಪರೀಕ್ಷೆ ಬರೆದಳು. ಮೊದಲ ಪಟ್ಟಿಯಲ್ಲಿ ಹೆಸರು ಬರಲಿಲ್ಲ. ಚಿಕ್ಕಮ್ಮ ಮತ್ತೆ ಬಂದು ಹೋದಳು. ಎರಡನೇ ಪಟ್ಟಿಯಲ್ಲಿ ಬಂತು.

ಲೋಟದ ವಿಷಯ ಹೇಳಬೇಕು. ಅದನ್ನು ಕಿಟಕಿಯಿಂದ ತೆಗೆದು ಉಳಿದ ಲೋಟಗಳ ಜೊತೆ ಸ್ಟ್ಯಾಂಡಿನಲ್ಲಿ ಇಡುತ್ತಿದ್ದೆ. ಗೌರಿ ಅದರಲ್ಲೇ ಹುಡುಕಿ ತನ್ನದನ್ನೇ ತೆಗೆದುಕೊಳ್ಳುತ್ತಿದ್ದಳು. ನಾನು ಮಾಡಿದ್ದನ್ನು ಜಾಗ ಬದಲಿಸಿ ಅಳಿಸಿಬಿಡಬಹುದು ಅಂದುಕೊಂಡಿದ್ದೆನೇನೋ.

ಹಾಸ್ಟೆಲಿಗೆ ಹೊರಡುವ ಹಿಂದಿನ ದಿನ ಗೌರಿ ಸಾಮಾನಿನ ಚೀಟಿ ಹಿಡಿದು ಬಂದಳು. ಬಕೆಟ್, ಬೆಡ್‌ಶೀಟ್, ತಟ್ಟೆ ಒಂದು, ಲೋಟ ಒಂದು. ನಾನು ಹೊಸ ಲೋಟ ತೆಗೆದಿಟ್ಟಿದ್ದೆ, ಸಹನಾಳ ಹೆಸರೂ ಕೊರೆಸಿದ್ದೆ.

"ಇದು ನಿಮ್ಮನೇಲೇ ಇರ್ಲಿ ಅಕ್ಕ," ಅಂದಳು ಗೌರಿ. "ನನ್ನ ಲೋಟ ತಗೊಂಡು ಹೋಗ್ಲಾ? ಅವಳು ಅದನ್ನೇ ಕೇಳ್ತಿದಾಳೆ. ಅಲ್ಲಿ ರಾತ್ರಿ ಹಾಲು ಕುಡಿಯುವಾಗ ಅಮ್ಮನ ಬೆರಳಿನ ಜಾಗ ಇರುತ್ತಲ್ಲ ಅಂತಾಳೆ."

ಅದನ್ನು ಹಳೆಯ ಪೇಪರಿನಲ್ಲಿ ಸುತ್ತಿ ಕೊಟ್ಟೆ.

ಮಾರನೇ ದಿನ ಮಗಳನ್ನು ಬಿಟ್ಟು ಬಂದ ಗೌರಿ ಎಂದಿನ ಹೊತ್ತಿಗೇ ಕೆಲಸಕ್ಕೆ ಬಂದಳು. ಕಾಫಿ ಬಗ್ಗಿಸಿದೆ. ಅವಳು ಸ್ಟ್ಯಾಂಡಿನಿಂದ ಕೈಗೆ ಸಿಕ್ಕ ಒಂದು ಲೋಟ ತೆಗೆದುಕೊಂಡಳು. ನಮ್ಮ ಯಜಮಾನರದ್ದೋ, ನನ್ನದೋ. ಇಬ್ಬರೂ ಅಡುಗೆಮನೆಯ ನೆಲದ ಮೇಲೆ ಕೂತೆವು. ಅವಳ ಹೆಬ್ಬೆರಳು ಆ ನುಣುಪಾದ ಲೋಟದ ಮೇಲೆ ಅತ್ತಿತ್ತ ಸರಿಯುತ್ತ ನೆಗ್ಗನ್ನು ಹುಡುಕುತ್ತಿತ್ತು.